ಮೂರನೇ ಮಹಡಿಯ ಕಂಬಿ

ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮೂಗೂರು ಬಸ್ಸಿಗೆ ಕಾಯುತ್ತಿದ್ದ ಯಶೋಧರಾ, ಪಕ್ಕದ ಬೆಂಚಿನಲ್ಲಿ ಕೂತಿದ್ದ ಮುದುಕ ಅಣ್ಣ ಮತ್ತು ಅವನ ತಂಗಿಯ ಮಾತು ರುಚಿ ಹತ್ತಿದ ಮೇಲೆ ಮೊಬೈಲಿನ ಹಾಡು ನಿಲ್ಲಿಸಿದಳು. ಇಯರ್‌ಫೋನು ಮಾತ್ರ ಕಿವಿಯಲ್ಲೇ ಇತ್ತು. ಅಣ್ಣನ ಮಡಿಲಲ್ಲಿ ಔಷಧಿ ಕವರು.

“ಗೃಹಪ್ರವೇಶ ಚೆಂದಾಗಾಯ್ತು ಕಣಣ್ಣ. ಆದ್ರೆ ತಾರಸಿ ಮೇಲೆ ಆ ಕಂಬಿ ಯಾಕಂಗೆ ನೆಟ್ಟಗೆ ನಿಂತವೆ?”

“ಪಿಲ್ಲರ್ ಕಂಬಿ ಕಣವ್ವ. ಕುಯ್ಯಬ್ಯಾಡಿ ಅಂದಿವ್ನಿ. ಮೂರ್ನೇ ಮಹಡಿಗೆ ಬೇಕಲ್ಲ.”

“ಎರಡ್ನೇ ಮಹಡೀಲಿ ಯಾರವ್ರೆ?”

“ಸದ್ಯಕ್ಕೆ ಪಾರಿವಾಳ.”

“ನೀನು ಮೇಲಕ್ಕೋಗಿ ನೋಡಿದ್ದೀಯಾ?”

“ಎಲ್ಲಿ, ಈ ಮಂಡಿ ಬಿಟ್ರಲ್ವಾ! ವಿಡಿಯೋ ತೆಗ್ದು ತೋರ್ಸಿದ್ರು. ಒಳ್ಳೆ ಗಾಳಿ ಬತ್ತದಂತೆ.”

“ಇನ್ನು ಸಾಕು ಅನ್ನಿಸಲ್ವಾ?”

“ಎದುರುಮನೆ ಶಿವರಾಜೂನೂ ಕಂಬಿ ಬಿಟ್ಟವ್ನೆ. ನಾನು ಕುಯ್ಸಿದ್ರೆ, ಇವ್ನ ಕತೆ ಮುಗೀತು ಅನ್ನಲ್ವಾ ಊರು?”

“ಅತ್ಗೆ ಏನಂತಾಳೆ?”

“ಅವಳಿಗೇನು, ಜಗಲಿ ಮೇಲೆ ಕುಂತು ಅವರೆಕಾಯಿ ಸುಲಿಯೋಕೆ ಜಾಗ ಇದ್ರೆ ಸಾಕು. ಆಸೇನೇ ಇಲ್ದಿರೋ ಹೆಂಗಸು.”

“ಪುಣ್ಯವಂತೆ.”

ಬಸ್ಸು ಬಂತು. ಅಣ್ಣ ಮೊದಲ ಮೆಟ್ಟಿಲಿಗೆ ಒಂದು ಕಾಲಿಟ್ಟು, ಬಾಗಿಲ ಕಂಬಿ ಹಿಡಿದು, ಅಲ್ಲೇ ನಿಂತುಬಿಟ್ಟ. ಹಿಂದಿದ್ದವರು ಗೊಣಗಿದರು. ತಂಗಿ ಎರಡೂ ಕೈಯಿಂದ ಅವನ ಬೆನ್ನನ್ನು ಒಳಕ್ಕೆ ನೂಕಿದಳು.

“ಹತ್ತಣ್ಣ, ಹತ್ತು. ಇಲ್ಲಿರೋದು ಮೂರೇ ಮೆಟ್ಲು, ಮೂರು ಮಹಡಿ ಅಲ್ಲ.”