ಖಾಲಿ ಎಂದು ತೋರಿಸುವ ಜಾಗ

ಹಲೋ... ಹಲೋ, ಯಾರು ಮಾತಾಡ್ತಿರೋದು? ಫೋಟೋ ಅಣ್ಣನೇನಾ?... ಅಣ್ಣ, ನಾನು. ಸರ್ವೇಯರ್ ಮನೆಯಿಂದ... ಹಾಂ, ಅವರ ಹೆಂಡತಿ. ಬೆಳಿಗ್ಗೆ ಬಾಗಿಲಲ್ಲಿ ನಿಮ್ಮ ಹಾರ್ಡ್ ಡಿಸ್ಕ್ ಕೊಟ್ಟೆನಲ್ಲ.

... ಡಿಸ್ಕಿಗೆ ಏನಾದ್ರೂ ಹಾಕಿದ್ರಾ?... ಹಾಕಿದ್ರಾ ಇಲ್ವಾ, ಅದೊಂದು ಹೇಳಿ.

... ಇನ್ನೂ ಇಲ್ಲ. ಅಬ್ಬಾ... ಲ್ಯಾಪ್‌ಟಾಪಿಗೆ ಸಿಕ್ಕಿಸಿದೀರಿ ಅಷ್ಟೇ, ಅಲ್ವಾ? ಏನೂ ಒತ್ತಬೇಡಿ. ಕೈ ತೆಗೀರಿ ಅಣ್ಣ, ದಮ್ಮಯ್ಯ.

... ಇಲ್ಲ, ವೈರಸ್ ಅಲ್ಲ. ಕೆಟ್ಟೂ ಹೋಗಿಲ್ಲ. ನಾನು ಅದನ್ನ ಅಳಿಸಿ ಕೊಟ್ಟೆ. ನಿನ್ನೆ ಇವರ ತಿಥಿ ಮುಗಿಯೋವರೆಗೂ ಮನೆ ತುಂಬ ಜನ. ಇವತ್ತು ಎದ್ರೆ ಅತ್ತೆ, ನಾನು, ಇಬ್ಬರೇ. ಕಸ ಗುಡಿಸಿದೆ. ಯಾರ್ಯಾರ ಮನೆಯಿಂದ ಪಾತ್ರೆ ಬಂದಿತ್ತೋ ಎಲ್ಲ ತೊಳೆದು ಒರೆಸಿಟ್ಟೆ. ಆಮೇಲೆ ನಿಮ್ಮ ಡಿಸ್ಕ್ ಕಂಡಿತು. ಇನ್ನೊಬ್ಬರ ವಸ್ತು, ಹಾಗೇ ಎಂಜಲು ಮಾಡಿ ಕೊಡೋದಾ ಅಂತ ಒಳಗಿದ್ದದ್ದೆಲ್ಲ ಅಳಿಸಿದೆ.

... ‘ಚರಂಡಿ ಸರ್ವೆ’ ಅಂತ ಒಂದೇ ಫೋಲ್ಡರ್ ಇತ್ತು. ಆಫೀಸಿನದು ಅಂದ್ಕೊಂಡೆ. ವರದಿ ಯಾವಾಗಲೋ ಕೊಟ್ಟಾಗಿತ್ತಲ್ಲ.

... ಹಾಂ, ಈಗ ಆಫೀಸಿನ ಜೀಪ್ ಡ್ರೈವರ್ ಬಂದಿದ್ರು, ಇವರ ಟೋಪಿ, ಬೂಟು ಕೊಡೋಕೆ. ಅವರು ಹೇಳಿದ್ದು. ಇವರು ಬರ್ಕೊಳ್ತಾನೇ ಇರಲಿಲ್ವಂತೆ. ನಡೀತಾ ನಡೀತಾ ಮಾತಾಡಿ ರೆಕಾರ್ಡ್ ಮಾಡಿ ಆ ಫೋಲ್ಡರಿಗೇ ಹಾಕ್ತಿದ್ರಂತೆ. ಇಲ್ಲಿ ಚಪ್ಪಡಿ ಒಡೆದಿದೆ, ಇಲ್ಲಿ ನೀರು ನಿಂತಿದೆ... ನಡುನಡುವೆ ನನ್ನ ಸುದ್ದಿ. ‘ಈ ಬೂಟು ನೋಡಿದ್ರೆ ಮನೆಯಾಕೆ ನನ್ನನ್ನೂ ಹೊರಗೇ ಬಿಡ್ತಾಳೆ’ ಅಂತ. ನಗ್ತಾ ಹೇಳಿದ್ರು ಡ್ರೈವರ್. ನನ್ನ ಮುಖ ನೋಡಿ ಬೂಟು ಅಲ್ಲೇ ಇಟ್ಟು ಹೊರಟುಬಿಟ್ರು.

... ಇವರ ದನಿ ಬೇರೆಲ್ಲೂ ಇಲ್ಲ ಅಣ್ಣ. ಫೋಟೋ ಇದೆ, ನೀವೇ ತೆಗೆದದ್ದು. ಎಲ್ಲದರಲ್ಲೂ ಬಾಯಿ ಮುಚ್ಕೊಂಡು ನಿಂತಿದಾರೆ.

... ಅಳಿಸಿದ ಮೇಲೂ ಇರುತ್ತೆ. ಕೇಳಿ. ಡಿಸ್ಕ್ ತುಂಬ ಸಣ್ಣ ಸಣ್ಣ ಖಾನೆ, ಎಲ್ಲ ಒಂದೇ ಅಳತೆ. ಒಂದು ಫೈಲು ಒಂದೇ ಕಡೆ ಇರಬೇಕು ಅಂತಿಲ್ಲ. ರಶ್ ಇರೋ ಬಸ್ಸಲ್ಲಿ ಒಂದೇ ಮನೆಯವರು ಜಾಗ ಸಿಕ್ಕಲ್ಲಿ ಕೂರಲ್ವಾ, ಹಾಗೆ. ಯಾರು ಯಾವ ಸೀಟಲ್ಲಿ ಅನ್ನೋದನ್ನ ಬೇರೆ ಕಡೆ ಗುರುತು ಹಾಕಿರುತ್ತೆ. ನಾನು ಅಳಿಸಿದ್ದು ಆ ಗುರುತು ಮಾತ್ರ. ಸೀಟು ಖಾಲಿ ಅಂತ ತೋರಿಸುತ್ತೆ. ಅವರು ಇನ್ನೂ ಅಲ್ಲೇ ಕೂತಿದಾರೆ.

... ಹಾಂ, ಅದೇ. ನೀವು ಹೊಸದು ಹಾಕಿದ್ರೆ ಅವರ ಮೇಲೇ ತಂದು ಕೂರಿಸುತ್ತೆ. ಯಾವ ಖಾನೆಗೆ ಅಂತ ನಮ್ಮನ್ನ ಕೇಳಲ್ಲ. ಕಂಪ್ಯೂಟರಿಗೇನು ಗೊತ್ತು.

... ಟೀಚರ್ ಆಗ್ಬೇಕಿತ್ತಾ? ಕಾಲೇಜಲ್ಲಿ ಓದಿದ್ದೇ ಇದನ್ನ ಅಣ್ಣ. ಈ ಪಾಠದಲ್ಲಿ ನಂಗೆ ಪೂರ್ತಿ ಮಾರ್ಕ್ಸ್. ನಗಿ, ಪರವಾಗಿಲ್ಲ.

... ಎಲ್ಲಿದೀರಿ? ಆಟೋ ಹಿಡಿದು ಬರ್ತೀನಿ... ಆಸ್ಪತ್ರೆಲಾ? ಯಾಕೆ, ಏನಾಯ್ತು?

... ಯಾರ ಅಮ್ಮ?... ಮಗ ಹಡಗಲ್ಲಿ ಕೆಲಸ, ಬರೋಕೆ ಆಗ್ತಿಲ್ಲ. ಹಾಂ. ಅವರಿಗೆ ನಾಳೆ ಗಂಟಲಿನ ಆಪರೇಷನ್... ಆಮೇಲೆ ಮಾತೇ ಬರಲ್ವಾ? ಒಂದೂ?

... ಅದಕ್ಕೇ ಅಮ್ಮ ಮಾತಾಡೋದನ್ನ ವಿಡಿಯೋ ಮಾಡೋಕೆ ಮಗನೇ ನಿಮ್ಮನ್ನ ಕಳಿಸಿದಾನೆ. ಕ್ಯಾಮೆರಾ ಕಾರ್ಡ್ ತುಂಬೋಯ್ತು. ಅದನ್ನ ಡಿಸ್ಕಿಗೆ ಇಳಿಸಿದ್ರೆ ತಾನೇ ಮುಂದಿನದು...

... ಇಲ್ಲ ಅಣ್ಣ, ಇಲ್ಲ. ಲ್ಯಾಪ್‌ಟಾಪಿಗೆ ಹಾಕಿ... ಅದೂ ತುಂಬಿದೆಯಾ? ಏನಾದ್ರೂ ಅಳಿಸಿ... ಯಾರದೋ ಮದುವೆದು. ಹೂಂ. ಅದನ್ನ ಅಳಿಸಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ. ಇನ್ನೊಂದು ಕಾರ್ಡ್ ನಾನೇ ತಂದ್ರೆ?... ಬಿಡಲ್ವಾ? ನೀವು ಹೊರಗೆ ಬಂದ್ರೂ ಮತ್ತೆ ಒಳಗೆ ಬಿಡಲ್ಲ. ನರ್ಸ್ ಫೋನ್ ಕೇಳಿ... ಅವರು ವಾರ್ಡಿಗೆ ತರೋ ಹಾಗಿಲ್ಲ. ನಿಮ್ಮ ಫೋನಲ್ಲೇ ತೆಗೀರಿ ಹಾಗಾದ್ರೆ... ಬ್ಯಾಟರಿ ಕೆಂಪಾ? ಇಷ್ಟು ದೊಡ್ಡ ಬ್ಯಾಗ್ ಹೊತ್ಕೊಂಡು ಓಡಾಡ್ತೀರಿ, ಒಂದು ಚಾರ್ಜರ್ ಇಟ್ಕೋಬಾರದಾ ಅಣ್ಣ!

... ಕೂಗ್ತಿಲ್ಲ... ತಪ್ಪಾಯ್ತು. ಒಂದೇ ಒಂದು ಸಲ ಅವರ ದನಿ ಕೇಳ್ಬೇಕು ಅಣ್ಣ. ಚರಂಡಿ ಮಾತೇ ಆಗ್ಲಿ, ನನ್ನ ಬಯ್ಯೋದೇ ಆಗ್ಲಿ. ಬೇರೇನೂ ಬೇಡ ನಂಗೆ.

... ತಡೀರಿ. ಒಂದು ಕೆಲಸ ಮಾಡಿ. ಫೋನನ್ನ ಆ ಅಮ್ಮನ ಬಾಯ ಹತ್ತಿರ ಹಿಡೀರಿ. ನಾನಿಲ್ಲಿ ರೆಕಾರ್ಡ್ ಮಾಡ್ತೀನಿ, ಮಗನಿಗೆ ಕಳಿಸಿದ್ರಾಯ್ತು. ಹಿಡೀರಿ, ಆಗುತ್ತೆ.

... ನಮಸ್ಕಾರ ಅಮ್ಮ. ಮಗನಿಗೆ ಏನು ಹೇಳ್ಬೇಕೋ ಹೇಳಿ, ನಾನು ಸುಮ್ಮನೆ ಇರ್ತೀನಿ... ಅಷ್ಟು ಜೋರು ಬೇಡ, ನೋವಾಗುತ್ತೆ.

... ಏನಂದ್ರಿ? ಒದ್ದೆ ಸಾಕ್ಸಲ್ಲೇ ಮಲಗ್ತಾನಾ?... ಹಾಂ, ಚಿಕ್ಕಂದಿನಿಂದಲೂ... ಹೇಳಿ, ಹೇಳಿ.

... ನಾನಾ? ನಂದು ಊಟ ಇನ್ನೂ ಇಲ್ಲಮ್ಮ... ನಿನ್ನೆನೂ ಅಷ್ಟಕ್ಕಷ್ಟೇ... ಮಾಡ್ತೀನಿ. ಈಗಲೇ ಮಾಡ್ತೀನಿ. ಬಯ್ಯಿರಿ ಅಮ್ಮ, ಪರವಾಗಿಲ್ಲ, ಬಯ್ಯಿರಿ.

... ಅಣ್ಣ? ಮೊದಲು ಅವರಿಗೊಂದು ಗುಟುಕು ನೀರು ಕೊಡಿ. ಇಲ್ಲಿ ಬರೀ ಗರಗರ, ಅರ್ಧ ಮಾತು ನುಂಗಿಹೋಗ್ತಿದೆ. ಮುಖನೂ ಇಲ್ಲ. ಇದನ್ನ ಆ ಮಗನಿಗೆ ಹೇಗೆ ಕಳಿಸೋದು.

...

... ಇದೀನಿ. ಲೈನಲ್ಲೇ ಇದೀನಿ.

... ಡಿಸ್ಕಿಗೆ ಇಳಿಸಿ.

... ಕೇಳಿಸ್ತಲ್ಲ ಅಣ್ಣ, ಇನ್ನೊಂದು ಸಲ ಹೇಳಿಸಬೇಡಿ.

... ಅದು ನಿಮ್ಮದು. ಇವರು ಒಂದು ವಾರಕ್ಕೆ ಅಂತ ಕೇಳಿ ತಂದಿದ್ರು, ನೀವು ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ವಾಪಸ್ ಕೊಡ್ತಿದೀನಿ. ತಗೊಳ್ಳಿ.

... ಆಮೇಲೆ ಹುಡುಕಿದ್ರೆ ಚೂರುಪಾರು ಸಿಕ್ಕರೂ ಸಿಗಬಹುದು. ನಂಗೆ ಸುಳ್ಳು ಸಮಾಧಾನ ಬೇಡ, ಇದನ್ನ ಓದಿದವಳು ನಾನು. ಆ ಅಮ್ಮ ಎಲ್ಲಿ ಕೂರ್ತಾರೋ ಕೂರಲಿ.

... ನಿಧಾನ ಮಾಡಬೇಡಿ, ನನ್ನ ಮನಸ್ಸು ತಿರುಗಿಬಿಡುತ್ತೆ. ಒತ್ತಿ... ಒತ್ತಿದ್ರಾ?

... ಹಾಂ... ಹೋಗ್ತಿದೆಯಾ? ಎಷ್ಟು ಹೋಯ್ತು ಅಣ್ಣ, ಎಷ್ಟು...

... ಹಲೋ?... ಅಣ್ಣ?... ಹಲೋ...