ಐದು ವರ್ಷದ ಕಣ್ಣು

ಅಧ್ಯಕ್ಷತೆ ವಹಿಸಿರುವ ಶೋಭಾರಾಣಿಯವರೇ, ಮುಖ್ಯ ಅತಿಥಿಗಳಾದ ಸೂರ್ಯ ಸಂಶೋಧಕಿ ಡಾ. ನಯನಾ ಅವರೇ, ದಾವಣಗೆರೆ-ಹರಿಹರದ ಹವ್ಯಾಸಿ ಖಗೋಳ ಬಳಗದ ಗೆಳೆಯರೇ, ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೂ ಎದ್ದು ಹೋಗದ ಸಭಿಕರೇ,

ಹದಿನೆಂಟು ವರ್ಷ ಸೂರ್ಯನ ಕಲೆ ಎಣಿಸಿದ್ದಕ್ಕೆ ಈ ಮುರುಗೇಶಪ್ಪನಿಗೆ ಸನ್ಮಾನ ಅಂತ ಬ್ಯಾನರ್ ಕಟ್ಟಿದ್ದೀರಿ. ಪಿ.ಜೆ. ಬಡಾವಣೆಯ ಬಟ್ಟೆ ವ್ಯಾಪಾರಿಗೆ ವಿಜ್ಞಾನದಲ್ಲಿ ಏನು ಕೆಲಸ? ಐತ್ರಿ. ವಿಜ್ಞಾನಿಗಳು ಎಲ್ಲ ಊರಲ್ಲೂ ದಿನಾ ನಿಂತು ನೋಡೋಕಾಗಲ್ಲ. ನಮಗೆ ಮಾಳಿಗೆ ಐತೆ, ಬಿಸಿಲು ಐತೆ. ನಮ್ಮೂರಲ್ಲಿ ಬಿಸಿಲಿಗೇನು ಬರವೇ?

ಸಣ್ಣ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಬೇಕು. ಕಣ್ಣಿಟ್ಟು ನೇರ ನೋಡಬ್ಯಾಡ್ರಿ. ಆಮೇಲೆ ಶಾಲು ಹೊದಿಸೋರ ಮುಖವೇ ಕಾಣಲ್ಲ. ಹಾಳೆಯ ಮೇಲೆ ಸೂರ್ಯ ರೊಟ್ಟಿಯ ಹಾಗೆ ಬಂದು ಕೂಡ್ತಾನೆ, ಅಲ್ಲಲ್ಲಿ ಸುಟ್ಟ ಚುಕ್ಕೆ. ಅದನ್ನು ಗುರುತಿಸಿ, ಎಣಿಸಿ, ಸಹಿ ಹಾಕಿ ನಯನಾ ಅವರಂಥ ಸಂಶೋಧಕರಿಗೆ ಕಳಿಸೋದು. ಆ ಹೊತ್ತು ಎಂಥದು ಅಂತ ಹೆಂಗೆ ಹೇಳಲಿ? ಕೆಳಗೆ ಆಟೋಗಳು ಓಡಾಡ್ತಿರ್ತವೆ, ಸದ್ದು ಮಾತ್ರ ಬೇರೆ ಊರಿಂದ ಬಂದ ಹಾಗಿರ್ತೈತೆ. ಗಳಿಗೆ ಹೋದದ್ದೇ ಗೊತ್ತಾಗಲ್ಲ.

ಹೋದ ತಿಂಗಳು ನಯನಾ ಅವರು ಫೋನ್ ಮಾಡಿದ್ದರು. ಒಬ್ಬೊಬ್ಬರ ಕಣ್ಣು ಒಂದೊಂದು ಅಳತೆಯಲ್ಲಿ ಎಣಿಸುತ್ತದಂತೆ, ಒಬ್ಬರು ಹಿಡಿದ ಸಣ್ಣ ಚುಕ್ಕೆ ಇನ್ನೊಬ್ಬರು ಬಿಡ್ತಾರಂತೆ. ವರ್ಷಗಟ್ಟಲೆ ಲೆಕ್ಕ ನೋಡಿದರೆ ಅದು ಗೊತ್ತಾಗುತ್ತದಂತೆ. ಆಮೇಲೆ ಮೆಲ್ಲಗೆ ಅಂದರು: "ಸರ್, ಕೊನೆಯ ಐದು ವರ್ಷದ ಕಣ್ಣು ನಿಮ್ಮದಲ್ಲ." ಯಾರದೆಂದು ತಿಳಿಯದಿದ್ದರೆ ಆ ಐದು ವರ್ಷವನ್ನು ಸಂಶೋಧನೆಯಿಂದ ಕೈಬಿಡಬೇಕಾಗುತ್ತದೆ ಎಂದರು. ನಾನು, ಕಣ್ಣು ನನ್ನದೇ ಅಂತ ಹೇಳಿ ಫೋನ್ ಇಟ್ಟೆ.

ಸುಳ್ಳು ಹೇಳಿದೆ, ಸಭಿಕರೇ.

ಐದು ವರ್ಷದ ಹಿಂದೆ ನನ್ನ ಕಣ್ಣಿಗೆ ಪೊರೆ ಬಂದಾಗ, ಆಪರೇಷನ್ ಆಗೋವರೆಗೆ ಎಣಿಸು ಅಂತ ನನ್ನ ಹೆಂಡತಿ ಉಮಾಮಹೇಶ್ವರಿಗೆ ಹೇಳಿದ್ದೆ. ಆಪರೇಷನ್ ಆಯ್ತು, ಕಣ್ಣೂ ಬಂತು. ನಾನು ಮಾತ್ರ ಪೆನ್ಸಿಲ್ ವಾಪಸ್ ಕೇಳಲಿಲ್ಲ. ತಲೆ ಮೇಲೆ ಸೆರಗು ಹೊದ್ದು ಅವಳು ಬಗ್ಗಿರ್ತಿದ್ದಳು. ಹಾಳೆಯ ಸೂರ್ಯನ ಬೆಳಕು ಅವಳ ಗಲ್ಲಕ್ಕೆ ಬೀಳ್ತಿತ್ತು. ಮದುವೆಯಾಗಿ ಮೂವತ್ತೊಂದು ವರ್ಷ, ಅಷ್ಟು ಹೊತ್ತು ಅವಳ ಮುಖ ನಾನು ನೋಡಿದ್ದೇ ಇಲ್ಲ. ನೋಡ್ತಾ ಕೂತಿರ್ತಿದ್ದೆ. ಸಂಜೆ ಅಂಗಡಿಯಿಂದ ಬಂದು ಸಹಿ ಮಾತ್ರ ನಾನು ಹಾಕ್ತಿದ್ದೆ. ಯಾಕ ಅಂತೀರಾ? ಹೆಸರಿನ ಆಸೆ, ಮತ್ತೇನು. ನಾಚಿಕೆ ಆಗ್ತೈತೆ.

ನಿನ್ನೆ ಅವಳಿಗೆ ಫೋನಿನ ವಿಷಯ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ. ಬೈಯಲಿಲ್ಲ. "ನನ್ನ ಹೆಸರು ಬ್ಯಾಡ್ರಿ. ಆ ಐದು ವರ್ಷ ಮಾತ್ರ ತೆಗೆದು ಹಾಕಬ್ಯಾಡ್ರಿ ಅಂತ ಹೇಳ್ರಿ. ದಿನಾ ನೋಡೀನ್ರಿ ನಾನು" ಅಂದಳು. ಅಂದವಳೇ ಅಡಿಗೆಮನೆಗೆ ಹೋದಳು.

ಆದ್ದರಿಂದ ನಯನಾ ಅವರೇ, ಇಷ್ಟು ಜನರ ಎದುರು ಹೇಳ್ತೀನಿ, ಬರಕೊಳ್ರಿ: ಮೊದಲ ಹದಿಮೂರು ವರ್ಷ ಮುರುಗೇಶಪ್ಪ, ಆಮೇಲಿನ ಐದು ವರ್ಷ ಉಮಾಮಹೇಶ್ವರಿ. ಹವ್ಯಾಸಿಗಳೇ, ನೀವೂ ಎಣಿಸ್ರಿ. ತಪ್ಪಾದರೂ ಚಿಂತಿಲ್ಲ, ನೋಡಿದವರ ಹೆಸರೇ ಹಾಕ್ರಿ.

ಮುಂದಿನ ಸಾಲಿನಲ್ಲಿ ಅವಳಿಗೆ ಅಂತ ಇಟ್ಟ ಕುರ್ಚಿ ಖಾಲಿ ಐತೆ. ಬೆಳಗ್ಗೆ ಮೋಡ ಇತ್ತು, ಬಿಸಿಲು ಬಂದ ಮೇಲೆ ಎಣಿಸಿ ಬರ್ತೀನಿ ಅಂದಿದ್ದಳು. ಬಿಸಿಲು ಈಗ ಬಂತು. ಮಾಳಿಗೆ ಮೇಲಿರ್ತಾಳೆ. ನನಗೆ ಅಪ್ಪಣೆ ಕೊಡ್ರಿ, ಇವತ್ತಿನ ಹಾಳೆಗೆ ಅವಳ ಕೈಲೇ ಸಹಿ ಹಾಕಿಸಬೇಕು. ಇಷ್ಟು ಹೊತ್ತು ಕೇಳಿದಿರಿ, ನಿಮ್ಮ ಉಪಕಾರ ದೊಡ್ಡದು. ನಮಸ್ಕಾರ.