‘ಹಾಕ್’ ಎಂದರೆ ಮುಚ್ಚು

ಹೆಸರು ಶಾಮಲಾ ಕೋಂ ಪ್ರಲ್ಹಾದ ಗಲಗಲಿ, ವಯಸ್ಸು 23, ಉದ್ಯೋಗ ಮನೆಗೆಲಸ, ವಿದ್ಯಾಭ್ಯಾಸ ಬಿ.ಎ., ಮೂಲ ಊರು ಧಾರವಾಡ, ಸದ್ಯ ವಾಸ ಕಾರ್ಖಾನೆಯ ಚಾಳ, ಖಡಕಿ, ಪುಣೆ.

ಸ್ವಂತ ಕೈಯಿಂದ ಬರೆದು ತಿಳಿಸುವುದೇನೆಂದರೆ:

ನನಗೆ ಮರಾಠಿ ಬರುತ್ತದೆ. ಆದರೂ ಈ ಹೇಳಿಕೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಯಜಮಾನರ ಮೇಲಿನ ಆರೋಪ ಒಂದು ಕನ್ನಡ ಶಬ್ದದ ಮೇಲೆ ನಿಂತಿದೆ. ಚೌಕಿಯ ಹವಾಲ್ದಾರ ದಿಗಂಬರ ಅವರು ಬೆಳಗಾವಿ ಕಡೆಯವರು. ‘ಬಾಯಾರ, ನೀವು ಬರದು ಕೊಡ್ರಿ, ಫೌಜದಾರ ಸಾಹೇಬರು ಬಂದಕೂಡ್ಲೆ ನಾ ಓದಿ ಹೇಳ್ತೇನಿ’ ಎಂದಿದ್ದಾರೆ. ಸಾಹೇಬರು ಬೆಳಿಗ್ಗೆ ಎಂಟಕ್ಕೆ ಬರುತ್ತಾರಂತೆ. ಎಂಟಕ್ಕೆ ಓದಿದರೆ ಉಪಯೋಗವಿಲ್ಲ. ಕಾರಣ ಮುಂದೆ ಬರೆದಿದೆ.

16ನೇ ನವೆಂಬರ್ 1942, ಸೋಮವಾರ ಬೆಳಗಿನ ಜಾವ 4-20ಕ್ಕೆ ನನಗೆ ಎಚ್ಚರವಾಯಿತು. ನನ್ನ ಎಂಟು ತಿಂಗಳ ಮಗಳಿಗೆ ನಾಯಿಕೆಮ್ಮು ಇದೆ, ಆದರೆ ಎಬ್ಬಿಸಿದ್ದು ಅವಳ ಕೆಮ್ಮಲ್ಲ. ಎರಡು ಫರ್ಲಾಂಗು ದೂರದ ಆ್ಯಸಿಡ್ ಕಾರ್ಖಾನೆಯ ಗಾಳಿಯಂತ್ರದ ಸದ್ದು. ಅದು ಒಂದೇ ಸಮನೆ ಗುಂಯ್ ಎನ್ನುತ್ತಿರಬೇಕು. ಆಗ ಏರಿ, ಸಿಕ್ಕಿಕೊಂಡು, ಮತ್ತೆ ಏರುತ್ತಿತ್ತು. ಕೆಮ್ಮಿನ ನಡುವೆ ಮಗು ಉಸಿರು ಎಳೆಯುವುದು ಹಾಗೆಯೇ. ಅಲ್ಲಿ ಕೆಮಿಸ್ಟ್ ಆಗಿರುವ ಯಜಮಾನರು ಹಾಸಿಗೆಯಲ್ಲಿ ಎದ್ದು ಕೂತಿದ್ದರು. ‘ಟವರ್ ತುಂಬ್ತು, ಶಾಮಲಾ’ ಎಂದವರೇ ಅಂಗಿಯನ್ನು ತಿರುವುಮುರುವು ಹಾಕಿಕೊಂಡು ಓಡಿದರು.

ಟವರ್ ಎಂದರೆ ಮೂವತ್ತು ಅಡಿಯ ಸೀಸದ ಕಂಬ. ಒಳಗೆಲ್ಲ ಸುಟ್ಟ ಮಣ್ಣಿನ ಉಂಗುರಗಳನ್ನು ತುಂಬಿದ್ದಾರೆ. ಅವನ್ನು ತೆಗೆಯಲು ತಳದಲ್ಲಿ ಒಂದು ಬಾಗಿಲಿದೆ. ಮೇಲಿನಿಂದ ಆ್ಯಸಿಡ್ ಇಳಿಯುತ್ತದೆ; ಕೆಳಗಿನಿಂದ ಗಂಧಕದ ಹೊಗೆಯನ್ನು ಯಂತ್ರ ಊದಿ ಏರಿಸುತ್ತದೆ. ಏರುವಾಗ ಎಷ್ಟು ಒತ್ತಡ ಕಳೆಯುತ್ತದೆಂಬುದನ್ನು ಗೋಡೆಯ ಮೇಲಿನ ಡೊಂಕು ಗಾಜಿನ ನಳಿಗೆಯ ಬಣ್ಣದ ನೀರು ತೋರಿಸುತ್ತದೆ. ನಳಿಗೆಯ ಎರಡು ಬದಿಯ ನೀರಿಗೆ ಎರಡು ಇಂಚು ಅಂತರವಿರಬೇಕು. ದೀಪಾವಳಿಯ ವಾರದಲ್ಲಿ ಅದು ಏಳಾಯಿತು.

ಯಜಮಾನರು ಮೊದಲು ನಳಿಗೆಯೇ ಕಟ್ಟಿರಬಹುದೆಂದು ಬಿಚ್ಚಿ ತೊಳೆದರು. ಅಂತರ ಹಾಗೆಯೇ ಉಳಿಯಿತು. ಆಮೇಲೆ ಆ್ಯಸಿಡ್ ಕಡಿಮೆ ಮಾಡಿದರು. ತುಸು ಇಳಿದು ನಿಂತಿತು. ಹೀಗಾಗಿ, ತಳದ ಉಂಗುರಗಳು ಒಡೆದು ಚೂರು, ಕೆಸರು ಕೂತಿವೆ ಎಂದು ತೀರ್ಮಾನಿಸಿ, ಟವರ್ ಬಂದ್ ಮಾಡಲು ಮ್ಯಾನೇಜರರನ್ನು ಕೇಳಿದರು. ಯುದ್ಧದ ಮಾಲು, ಒಂದು ತಾಸೂ ನಿಲ್ಲದು ಎಂದು ಉತ್ತರ ಬಂತು.

ಶುಕ್ರವಾರ ಸಂಜೆ ಇದನ್ನೇ ಮನೆಯಲ್ಲಿ ಮಾಡಿ ತೋರಿಸಿದರು. ಕಂದೀಲಿನ ಗಾಜಿನ ತಳಕ್ಕೆ ಅರಿವೆ ಕಟ್ಟಿ, ನನ್ನ ಒಡೆದ ಬಳೆಗಳ ಚೂರು ತುಂಬಿ, ಮೇಲಿನಿಂದ ನೀರು ಸುರಿಯುತ್ತ ನನಗೆ ಕೆಳಗಿನಿಂದ ಊದಲು ಹೇಳಿದರು. ಜೋರಾಗಿ ಊದಿದರೆ ನೀರು ಇಳಿಯದೆ ಚೂರುಗಳ ನಡುವೆಯೇ ನಿಂತು ಕುದಿಯಿತು, ಬಿಟ್ಟರೆ ಇಳಿಯಿತು. ಎರಡನೆಯ ಸಲ ಅರಿವೆಗೆ ಕಲಸಿದ ಹಿಟ್ಟು ಬಳಿದರು. ಊದುವುದು ಬಿಟ್ಟರೂ ನೀರು ಮೇಲೆಯೇ ನಿಂತಿತು. ಅವರು ಕೆಳಗಿನಿಂದ ಕಡ್ಡಿಯಲ್ಲಿ ತಿವಿದರು, ಅಷ್ಟೂ ನೀರು ಒಮ್ಮೆಗೇ ನನ್ನ ಮಡಿಲಿಗೆ ಬಿತ್ತು. ಅತ್ತೆ ರಾಧಾಬಾಯಿಯವರು, ‘ಒಡದ ಬಳಿ ಕಸಕ್ಕ ಚೆಲ್ಲೂದು ಬಿಟ್ಟು ಗಂಡಾ ಹೆಂಡತಿ ಆಟಾ ಹಚ್ಚೀರೇನು? ಇದಕ್ಕ ಬಿ.ಎ. ಆಗಬೇಕಿತ್ತ?’ ಎಂದರು. ಎಲ್ಲರೂ ನಕ್ಕೆವು. ಆಮೇಲೆ ಯಜಮಾನರು, ‘ಇದು ನೀರು. ಅಲ್ಲೆ ಆ್ಯಸಿಡ್ ಅದ. ಕೆಳಗಿನ ಬಾಗಲಾ ತಗದು ಯಾರೂ ತಿವೀಬಾರ್ದು’ ಎಂದರು.

ಸೋಮವಾರ ನಡೆದದ್ದನ್ನು ಯಂತ್ರ ನಡೆಸುವ ಬಾಳಕೃಷ್ಣ ಮಧ್ಯಾಹ್ನ ನಮ್ಮ ಹೊಸ್ತಿಲಲ್ಲಿ ಕೂತು ಹೇಳಿದನು. ಗಾಳಿಯಂತ್ರದ ಬಾಯಿಗೆ ಒಂದು ತಗಡಿನ ಬಾಗಿಲಿದೆ; ಅದನ್ನು ಮುಚ್ಚಿದರೆ ಗಾಳಿ ನಿಲ್ಲುತ್ತದೆ. ಯಜಮಾನರು ಓಡಿಬರುತ್ತ, ‘ಬಾಗಲಾ ಹಾಕ್! ಹಾಕ್! ಹಾಕ್!’ ಎಂದು ಕೂಗಿರಬೇಕು. ಆ ಸದ್ದಿನಲ್ಲಿ ಅವನಿಗೆ ಕೊನೆಯ ಶಬ್ದವಷ್ಟೇ ಕೇಳಿಸಿದೆ. ನಮ್ಮಲ್ಲಿ ಬಾಗಿಲು ಹಾಕು ಎಂದರೆ ಮುಚ್ಚು. ಮರಾಠಿಯಲ್ಲಿ ಹಾಕ ಎಂದರೆ ಓಡಿಸು. ಎತ್ತಿನ ಗಾಡಿಯವನಿಗೆ ಹೇಳುವ ಮಾತು. ದಿನವೂ ಅವನೊಡನೆ ಮರಾಠಿಯಲ್ಲೇ ಮಾತನಾಡುವವರಿಗೆ ಆ ಗಳಿಗೆಯಲ್ಲಿ ಮನೆಯ ಮಾತು ಬಾಯಿಗೆ ಬಂತು. ಬಾಳಕೃಷ್ಣ ಬಾಗಿಲನ್ನು ಪೂರ್ತಿ ತೆರೆದು ಯಂತ್ರ ಓಡಿಸಿದನು. ಆ್ಯಸಿಡ್ ಟವರಿನ ತುದಿಯ ಕೊಳವೆಯಿಂದ ಹೊರಗೆ ಹಾರಿತು. ಏಕನಾಥನೆಂಬ ಕೆಲಸಗಾರನ ಎಡಗಣ್ಣು ಹೋಗಿದೆ. ಯಜಮಾನರ ಕೈಗಳು ಸುಟ್ಟಿವೆ, ಗಂಟಲು ಬಾತು ದನಿ ನಿಂತಿದೆ. ‘ಸಾಹೇಬ ಹಾಕ ಮ್ಹಣಾಲೇ, ಮೀ ಹಾಕಲಂ, ಬಾಈ’ ಎಂದು ಬಾಳಕೃಷ್ಣ ಹಣೆ ಬಡಿದುಕೊಂಡನು. ಸಾಹೇಬರು ಓಡಿಸು ಎಂದರು, ಓಡಿಸಿದೆ ಎಂದು. ಇದೇ ಮಾತನ್ನು ಅವನು ಪೊಲೀಸರಿಗೂ ಹೇಳಿದ್ದಾನೆ. ಅವನು ಸುಳ್ಳು ಹೇಳಿಲ್ಲ. ಆಗಸ್ಟಿನಿಂದ ಚಲೇಜಾವ್ ಚಳವಳಿಯ ತಂತಿ ಕತ್ತರಿಸುವ ಗಲಾಟೆ ನಡೆದಿರುವುದರಿಂದ, ಬೇಕೆಂದೇ ಮಾಡಿಸಿದ ಘಾತವೆಂದು ಯಜಮಾನರ ಮೇಲೆ ಗುನ್ಹೆ ದಾಖಲಾಗಿದೆ.

ಮೂರು ಗಂಟೆಗೆ ಆಸ್ಪತ್ರೆಗೆ ಹೋದೆ. ಮಂಚದ ಬಳಿ ಪೊಲೀಸ್ ಪಹರೆ ಇತ್ತು. ಬೆರಳುಗಳಿಗೆ ಪಟ್ಟಿ ಕಟ್ಟಿದ್ದರಿಂದ ಯಜಮಾನರು ಬರೆಯಲಾರರು. ನನ್ನನ್ನು ಕಂಡಕೂಡಲೇ ಎರಡು ಅಂಗೈಗಳನ್ನು ಅಗಲಿಸಿ ಕೂಡಿಸಿದರು. ಮತ್ತೆ ಅಗಲಿಸಿದರು, ಮತ್ತೆ ಕೂಡಿಸಿದರು. ಪಹರೆಯ ಸಿಪಾಯಿ, ತಪ್ಪು ಒಪ್ಪಿಕೊಂಡು ಬೆಳಗಿನಿಂದ ಹೀಗೆ ಕೈಮುಗಿಯುತ್ತಿದ್ದಾನೆ, ಹಾಗೆಂದೇ ಬರೆದುಕೊಂಡಿದ್ದೇವೆ ಎಂದನು. ನನ್ನ ಯಜಮಾನರು ಕೈಮುಗಿಯುತ್ತಿರಲಿಲ್ಲ. ಬಾಗಿಲು ಹಾಕುತ್ತಿದ್ದರು. ‘ಕೆಳಗಿನ ಬಾಗಲಾ ಏನ್ರೀ?’ ಎಂದು ಕೇಳಿದೆ. ಕಣ್ಣು ಮುಚ್ಚಿ ತೆರೆದರು. ಕಣ್ಣೀರು ಕಿವಿಯ ಕಡೆಗೆ ಇಳಿಯಿತು.

ಐದಕ್ಕೆ ಕಾರ್ಖಾನೆಯ ಗೇಟಿನಲ್ಲಿ ಮ್ಯಾನೇಜರರನ್ನು ಕಂಡೆ. ನಳಿಗೆಯ ನೀರು ಈಗ ಎರಡೂ ಬದಿ ಸಮವಾಗಿದೆ, ಟವರಿಗೆ ಏನೂ ಆಗಿಲ್ಲ, ಆಗಿದ್ದರೆ ನಿಮ್ಮ ಗಂಡನ ತಲೆಗೆ ಎಂದರು. ನಾಳೆ ಆರಕ್ಕೆ ಕೆಳಗಿನ ಬಾಗಿಲು ತೆಗೆಸಿ, ಅಲ್ಪಸ್ವಲ್ಪ ಚೂರಿದ್ದರೆ ಸಲಾಕೆಯಿಂದ ಬೀಳಿಸಿ, ಏಳಕ್ಕೆ ಚಾಲೂ ಮಾಡಿಸುವೆ ಎಂದರು. ಗಾಳಿ ನಿಂತ ಮೇಲೆ ಆ ನೀರು ಯಾವಾಗಲೂ ಸಮವೇ. ತಳ ಕಟ್ಟಿದ ಟವರಿನ ಹೊಟ್ಟೆಯಲ್ಲಿ ಆ್ಯಸಿಡ್ ಇನ್ನೂ ನಿಂತಿದೆಯೇ ಎಂಬುದನ್ನು ಆಗ ಅದು ಹೇಳಲಾರದು. ನಾನು ಇಷ್ಟನ್ನು ಹೇಳಿ ಮುಗಿಸುವ ಮೊದಲೇ ಗೇಟು ಹಾಕಿದರು.

ಸಲಾಕೆ ಹಿಡಿಯುವವನು ಬಾಳಕೃಷ್ಣ. ಹೋಗಬೇಡವೆಂದು ರಾತ್ರಿ ಎಂಟಕ್ಕೆ ಅವನ ಮನೆಗೆ ಹೋಗಿ ಬೇಡಿಕೊಂಡೆ. ಒಲ್ಲೆನೆಂದರೆ ತಾನೂ ಘಾತದಲ್ಲಿ ಕೂಡಿದ್ದನೆಂದು ಹಿಡಿಯುತ್ತಾರೆ ಎಂದನು. ಅವನ ಹೆಂಡತಿ ಗೌರಾಬಾಯಿ ನಾಳೆಯ ಬುತ್ತಿಗೆ ಹಿಟ್ಟು ನಾದುತ್ತಿದ್ದಳು.

ಹತ್ತೂವರೆಗೆ ಮಗುವನ್ನು ಎತ್ತಿಕೊಂಡು ಈ ಚೌಕಿಗೆ ಬಂದೆ. ಕಾರ್ಖಾನೆಗೆ ಫೋನ್ ಮಾಡಿರೆಂದೆ. ‘ಹುಕುಮ್ ಇಲ್ಲದ ಅದನ್ನ ಮುಟ್ಟಿದ್ರ ನನ್ನ ಪಟ್ಟಾ, ನೌಕರಿ ಎರಡೂ ಹೋಗ್ತಾವ್ರೀ, ಬಾಯಾರ’ ಎಂದು ದಿಗಂಬರ ಅವರು ಹೇಳಿದರು. ಮಗುವಿಗೆ ಕೆಮ್ಮು ಬಂದಾಗ ಅವರೇ ನೀರು ತಂದುಕೊಟ್ಟರು. ಫೋನು ನನ್ನೆದುರಿನ ಮೇಜಿನ ಮೇಲಿದೆ.

ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬರೆದು, ಒಮ್ಮೆ ಓದಿ ನೋಡಿ ರುಜು ಹಾಕಿದ್ದೇನೆ.

ಸ್ಥಳ: ಖಡಕಿ ಚೌಕಿ
17ನೇ ನವೆಂಬರ್ 1942, ರಾತ್ರಿ 1-40
(ಸಹಿ) ಶಾಮಲಾ ಪ್ರಲ್ಹಾದ ಗಲಗಲಿ

ರುಜುವಿನ ಕೆಳಗೆ ಬರೆಯಬಾರದೆಂದು ಗೊತ್ತು. ದಿಗಂಬರ ಅವರೇ, ಇದನ್ನು ಮೊದಲು ಓದುವವರು ನೀವು. ಯಜಮಾನರನ್ನು ಬಿಡಿರೆಂದು ನಾನು ಈಗ ಕೇಳುತ್ತಿಲ್ಲ. ಅವರನ್ನು ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿರಿ. ಕಾರ್ಖಾನೆಯ ಫೋನನ್ನು ರಾತ್ರಿ ಪಹರೆಯವನು ಎತ್ತುತ್ತಾನೆ. ಕೆಳಗಿನ ಬಾಗಿಲು ತೆಗೆಯಬಾರದು ಎಂದಷ್ಟು ಹೇಳಿರಿ. ಮರಾಠಿಯಲ್ಲೇ ಹೇಳಿರಿ. ನಮ್ಮ ಮಾತು ನಡುವೆ ಬರದಂತೆ ನೋಡಿಕೊಳ್ಳಿರಿ, ‘ಹಾಕ್’ ಎಂದು ಮಾತ್ರ ಅನ್ನಬೇಡಿರಿ. ಬೆಳಗಾಗುವ ಮೊದಲು ಫೋನ್ ಮಾಡಿರಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಆರಕ್ಕೆ ಮೊದಲು ಮಾಡಿರಿ.